ಬಿಚ್ಚಿ ಹೊಲಿದ ಅಂಗಿ

ಗಡಿಯ ಬೇಲಿಗೆ ಉದ್ದಕ್ಕೂ ಬಟ್ಟೆ ಹೊದಿಸಿದರೆ ಅದು ಕಲೆಯಂತೆ. ಹಾಗಂತ ಹೇಳಿದವರು ಮೇಡಂ, ದೊಡ್ಡ ಊರಿನ ಕಲಾವಿದೆ. ಬೇಲಿ ದಾಟಿ ಆ ಕಡೆಗೆ ಹೋದವರನ್ನು ಹುಡುಕಿ, ದಾಟುವಾಗ ಅವರ ಮೈಮೇಲಿದ್ದ ಬಟ್ಟೆಯನ್ನು ಕೇಳಿ ಪಡೆದು, ಮೂಟೆ ಕಟ್ಟಿಸಿ ತಂದಿದ್ದರು. ಅಷ್ಟನ್ನೂ ಒಂದಕ್ಕೊಂದು ಜೋಡಿಸಿ ಮುನ್ನೂರು ಅಡಿಯ ಹೊದಿಕೆ ಮಾಡುವ ಕೆಲಸ ನಮ್ಮ ಹೊಲಿಗೆ ಶೆಡ್ಡಿಗೆ ಬಂತು. ಕೊಟ್ಟವರ ಹೆಸರು ಎಲ್ಲೂ ಬರೆದಿರಲಿಲ್ಲ. ಪೊಲೀಸರ ಭಯ. ಬಟ್ಟೆಗೊಂದು ನಂಬರಿನ ಚೀಟಿ, ಅಷ್ಟೆ.

“ಹಳೇ ಬಟ್ಟೆ ನೇತುಹಾಕೋದೇ ಕಲೆ ಅಂದ್ರೆ ನಮ್ಮನೆ ಮಸಿಬಟ್ಟೆಗೂ ಬಹುಮಾನ ಬರುತ್ತೆ ಬಿಡೇ,” ಎಂದರು ಪಕ್ಕದ ಮಿಷನ್ನಿನ ಕಾಜಾ ಅಕ್ಕ. ಇಪ್ಪತ್ತು ವರ್ಷ ಬರೀ ಗುಂಡಿಯ ಕಾಜಾ ಹಾಕಿ ಆ ಹೆಸರು ಬಂದಿದೆ.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅಳುವೂ ಬರುವುದಿಲ್ಲ, ಅದು ಬೇರೆ ಮಾತು. ನಮ್ಮನೆಯವರು ಬೇಲಿ ದಾಟಿ ಐದು ವರ್ಷವಾಯಿತು. ಮುಟ್ಟಿದ ಕೂಡಲೇ ಫೋನ್ ಮಾಡುತ್ತೇನೆ ಎಂದವರು ಮಾಡಲಿಲ್ಲ. ದಾಟುವಾಗ ಸತ್ತವರ ಪಟ್ಟಿ ನೋಡಲು ಮೂರು ಸಲ ಕಚೇರಿಗೆ ಅಲೆದೆ, ಅದರಲ್ಲೂ ಇರಲಿಲ್ಲ. ಇದ್ದಾರೋ ಇಲ್ಲವೋ, ಅದೊಂದು ಗೊತ್ತಾಗಿದ್ದರೆ ನನಗೆ ಸಾಕಿತ್ತು.

ಅತ್ತೆ ಅದನ್ನು ಬಾಯಿಬಿಟ್ಟು ಕೇಳುವವರಲ್ಲ. ತಟ್ಟೆಯ ಮುಂದೆ ಕೂತು, “ಅಲ್ಲಿ ಹೊಟ್ಟೆತುಂಬ ಉಣ್ತಾನೋ ಇಲ್ವೋ,” ಎಂದು ಅರ್ಧ ಊಟಕ್ಕೇ ಕೈತೊಳೆಯುತ್ತಾರೆ. ಐದು ವರ್ಷದಿಂದ ದಿನಾ ಇದೇ. ಮೊದಮೊದಲು ಸಮಾಧಾನ ಹೇಳುತ್ತಿದ್ದೆ. ಆಮೇಲೆ ಸಿಟ್ಟು ಬರುತ್ತಿತ್ತು. ಈಗ ಸುಮ್ಮನೆ ತಟ್ಟೆ ಎತ್ತುತ್ತೇನೆ.

ಮೂರನೆಯ ವಾರ ನಲವತ್ತೊಂದನೇ ನಂಬರಿನ ಅಂಗಿ ಕೈಗೆ ಬಂತು. ಬೂದು ಬಣ್ಣದ್ದು, ಜೇಬು ಬಲಗಡೆಗೆ. ನಮ್ಮನೆಯವರು ಎಡಚರು, ಅವರಿಗೆ ಸುಲಭವಾಗಲೆಂದು ನಾನು ಜೇಬನ್ನು ಬಲಕ್ಕೇ ಇಡುತ್ತಿದ್ದೆ. ಕಾಲರ್ ಮಡಚಿ ನೋಡಿದೆ. ಒಳಗೆ ಹಳದಿ ಬಟ್ಟೆ. ಅಂದು ಬಟ್ಟೆ ಸಾಲದೆ ನಮ್ಮ ಕಿಟಕಿ ಪರದೆಯ ತುಂಡನ್ನೇ ಅಲ್ಲಿ ಸೇರಿಸಿದ್ದೆ.

ಪೆಡಲ್ ಮೇಲಿನ ಕಾಲು ನಿಂತಿತು, ಅಷ್ಟೆ.

ಅಂಗಿಯನ್ನು ಒಳಮಗ್ಗುಲು ತಿರುಗಿಸಿದೆ. ಎರಡೂ ಪಕ್ಕದ ನನ್ನ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಹೊರತೆಗೆದು, ಯಾರೋ ಲೂಸ್ ಮಾಡಿದ್ದರು. ಹೊಲಿಯುವಾಗ ನನ್ನಿಂದ ಆ ಬಟ್ಟೆಯನ್ನು ಒಳಗೆ ಬಿಡಿಸಿದ್ದು ಅತ್ತೆ. ನನಗೆ ಹೊಲಿಗೆ ಕಲಿಸಿದವರೇ ಅವರು. “ಎರಡು ಬೆರಳು ಜಾಸ್ತಿ ಬಿಡೇ, ನಾಳೆ ಮೈಕೈ ತುಂಬ್ಕೊಂಡ್ರೆ ಬೇಕಾಗುತ್ತೆ,” ಎಂದಿದ್ದರು.

ಹೊಸ ಹೊಲಿಗೆ ಕೈಯದು. ದಾರದ ತುದಿಗೆ ಗಂಟಿಲ್ಲ, ಹಿಂದಕ್ಕೆ ಮೂರು ಹೊಲಿಗೆ ಹಾಕಿ ನಿಲ್ಲಿಸಿದ್ದರು. ಆ ಕಡೆಯ ಹೆಂಗಸರು ಹಾಗೆ ಮಾಡುತ್ತಾರೆಂದು ಮೂರು ವಾರದಿಂದ ಅವರ ತೇಪೆ ನೋಡಿ ನೋಡಿ ನನಗೆ ಗೊತ್ತಿತ್ತು. ಎಳ್ಳುಕಾಳಿನಷ್ಟು ಚಿಕ್ಕ ಚಿಕ್ಕ ಹೊಲಿಗೆ, ಒಂದೇ ಸಮ. ಕೂಲಿಗೆ ಹೊಲಿಯುವವರು ಇಷ್ಟು ಚಿಕ್ಕದಾಗಿ ಹೊಲಿಯುತ್ತಾ ಕೂರುವುದಿಲ್ಲ. ನಾನಂತೂ ಕೂರುವುದಿಲ್ಲ.

ಮೇಡಂ ಹಿಂದೆ ಬಂದು ನಿಂತಿದ್ದರು. “ಅರೆ, ಇದ್ರಲ್ಲಿ ಎರಡು ಥರ ಹೊಲಿಗೆ ಇದೆಯಲ್ಲ! ನಿಮ್ಮ ಕಡೇದೊಂದು, ಆ ಕಡೇದೊಂದು. ನನ್ನ ಇಡೀ ಕೆಲಸ ಈ ಒಂದು ಅಂಗೀಲೇ ಇದೆ ನೋಡಿ. ಇದನ್ನ ಸರಿಯಾಗಿ ನಡುವಿಗೆ ಹಾಕಿ.”

“ಇದನ್ನ ಯಾವಾಗ ಕೊಟ್ರು?” ಎಂದು ಕೇಳಿದೆ.

“ಹೋದ ತಿಂಗಳು. ಎಲ್ಲರೂ ತಾವೇ ಬಂದು ಅವರವರ ಬಟ್ಟೆ ಕೈಯಾರೆ ಕೊಟ್ರು. ಹೊದಿಕೆ ಕಟ್ಟೋ ದಿನ ಅವರೂ ಬೇಲಿಯ ಆ ಕಡೆ ಬರ್ತಾರೆ. ನೀವೂ ಬನ್ನಿ.”

“ನೋಡೋಣ,” ಎಂದೆ.

ಮೇಡಂ ಹೋದ ಮೇಲೆ ಕಾಜಾ ಅಕ್ಕ ನನ್ನ ಮುಖ ನೋಡಿದರು, ಅಂಗಿ ನೋಡಿದರು. ಅವರು ದಡ್ಡರಲ್ಲ. “ಹೋಗೇ, ಹೋಗಿ ನಾಲ್ಕು ಮಾತು ಸರಿಯಾಗಿ ಬೈದು ಬಾ,” ಎಂದರು.

“ಬೇಲಿ ಮೇಲೆ ಬಟ್ಟೆ ಇರುತ್ತಲ್ಲಕ್ಕ, ಮುಖ ಕಾಣಲ್ಲ,” ಎಂದೆ. ಅಂಗಿಯನ್ನು ನಡುವಿಗೆ ಹಾಕಿ, ಸುತ್ತ ನಾಲ್ಕೂ ಕಡೆ ಎರಡೆರಡು ಸಲ ಮಿಷನ್ ಓಡಿಸಿದೆ. ಬಿಚ್ಚಬೇಕೆಂದರೂ ಇನ್ನು ಸುಲಭವಿಲ್ಲ.

ಸಂಜೆ ಅತ್ತೆಗೆ ಬಡಿಸಿ ಎದುರಿಗೆ ಕೂತೆ. “ಅತ್ತೆ, ನಿಮ್ಮ ಮಗ ಇದಾರೆ. ಹೋದ ತಿಂಗಳು ಅಂಗಿ ಕೊಟ್ಟಿದಾರೆ. ಆ ಬೂದು ಅಂಗಿ.”

ತುತ್ತು ಹಿಡಿದ ಕೈ ಅಲ್ಲೇ ನಿಂತಿತು. ಅವರೂ ಅಳಲಿಲ್ಲ. “ನಿಜ ಹೇಳ್ತಿದೀಯೇನೇ?”

“ನಾನು ಹೊಲಿದದ್ದು ನನಗೆ ಗೊತ್ತಾಗಲ್ವಾ? ಎರಡೂ ಪಕ್ಕ ಬಿಚ್ಚಿ ಲೂಸ್ ಮಾಡಿದಾರೆ. ನೀವು ಬಿಡಿಸಿದ್ದ ಬಟ್ಟೆ ಪೂರ್ತಿ ಹೊರಗೆ ಬಂದಿದೆ.”

“ಹಾಗಾದ್ರೆ ಮೈ ತುಂಬ್ಕೊಂಡಿದಾನೆ. ಉಂಡಿದಾನೆ ಕಣೇ, ಚೆನ್ನಾಗಿ ಉಂಡಿದಾನೆ.” ಅತ್ತೆ ತುತ್ತು ಬಾಯಿಗಿಟ್ಟರು. ಇನ್ನೊಂದು, ಮತ್ತೊಂದು. ಆಮೇಲೆ ತಲೆ ಎತ್ತದೆ ಕೇಳಿದರು: “ಬಿಚ್ಚಿ ಹೊಲಿದಿದ್ದು ಮಿಷನ್ ಹೊಲಿಗೇನಾ, ಕೈಹೊಲಿಗೇನಾ?”

ಕಲಿಸಿದವರಲ್ಲವೇ, ಕೇಳಬೇಕಾದದ್ದನ್ನೇ ಕೇಳಿದರು. ಮಿಷನ್ನಾದರೆ ಅಂಗಡಿಯದು, ಕೈಯದಾದರೆ ಮನೆಯದು.

“ಮಿಷನ್ನು,” ಎಂದೆ.

ಅತ್ತೆ ತಲೆ ಎತ್ತಿ ನನ್ನ ಮುಖ ನೋಡಿದರು. ಆಮೇಲೆ ಖಾಲಿ ತಟ್ಟೆ ಮುಂದಕ್ಕೆ ತಳ್ಳಿ, “ಇನ್ನೊಂಚೂರು ಬಡಿಸು,” ಎಂದರು.

ಪಾತ್ರೆಯಲ್ಲಿ ಉಳಿದಿದ್ದದ್ದು ನನ್ನ ಪಾಲು. ಕೆರೆದು ಅಷ್ಟನ್ನೂ ಅವರಿಗೆ ಬಡಿಸಿದೆ. ನನಗೆ ಹಸಿವಿರಲಿಲ್ಲ.