ಮಧ್ಯಾಹ್ನದ ತಿರುವು

ನಾನೊಂದು ಮೊಪೆಡ್ಡು. ಸ್ಕೂಟರುಗಳು ನನ್ನನ್ನು ಗಾಡಿಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಸೈಕಲ್ಲುಗಳು ಹತ್ತಿರ ಸೇರಿಸುವುದಿಲ್ಲ. ಕಾರ್ಖಾನೆಯಲ್ಲಿ ನನ್ನ ಮೈ ಜೋಡಿಸಿ, ಹಸಿರು ಬಣ್ಣ ಹೊಡೆದು, ಲಾರಿ ಹತ್ತಿಸಿ ಮೈಸೂರಿಗೆ ಕಳಿಸಿದರು. ಆಗ ನನಗಿದ್ದ ಹೆಮ್ಮೆ ಒಂದೇ. ಎಷ್ಟು ಹೇರಿದರೂ ಹೊರುತ್ತೇನೆ, ಎದುರು ಮಾತಾಡುವುದಿಲ್ಲ. ಎದುರು ಮಾತಾಡಲು ಬಾರದ್ದಕ್ಕೆ ಆಮೇಲೆ ಎಷ್ಟು ಕೊರಗಿದೆನೋ ನನಗೇ ಗೊತ್ತು.

ಮೊದಲ ಯಜಮಾನ ಹೂವಿನ ವ್ಯಾಪಾರಿ. ಸೇವಂತಿಗೆ ಮೂಟೆ ಹೊತ್ತು ಸುಖವಾಗಿದ್ದೆ. ಅವನು ಆಟೋ ಕೊಂಡ ಮೇಲೆ ನನ್ನನ್ನು ವನಜಾಕ್ಷಿಗೆ ಮಾರಿದ.

ವನಜಾಕ್ಷಿ ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ಕೆಲಸದವಳು. ಗಂಡ ಬೋರೇಶ ಕಟ್ಟಡಕ್ಕೆ ಬಣ್ಣ ಹೊಡೆಯುವಾಗ ಸಾರುವೆಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ. ಮಲಗಿದಲ್ಲೇ ಮಲಗಿದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ, ನಡುಹಗಲು ಒಮ್ಮೆಯಾದರೂ ಮಗ್ಗುಲು ಬದಲಾಯಿಸಲೇಬೇಕು ಎಂದು ಡಾಕ್ಟರು ಹೇಳಿದ್ದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಬೆಳಿಗ್ಗೆ ಗೋದಾಮಿನಲ್ಲಿ ಫೋನು ದಾರಿ ತೋರಿಸುತ್ತಿತ್ತು: ಮೊದಲು ಉದಯಗಿರಿ, ಆಮೇಲೆ ರಾಜೇಂದ್ರನಗರ, ಸಂಜೆಗೆ ಕೊನೆಯದಾಗಿ ಕ್ಯಾತಮಾರನಹಳ್ಳಿ. ವನಜಾಕ್ಷಿಯ ಮನೆ ಇದ್ದದ್ದು ಕ್ಯಾತಮಾರನಹಳ್ಳಿಯಲ್ಲಿ. ಅವಳು ಪಾರ್ಸೆಲ್ಲುಗಳನ್ನು ನೆಲದ ಮೇಲೆ ಹರಡಿ ಸಾಲನ್ನು ತಾನೇ ಬದಲಿಸುತ್ತಿದ್ದಳು. ಕೊನೆಗೆ ಕೊಡಬೇಕಾದದ್ದು ಚೀಲದ ತಳಕ್ಕೆ, ಮೊದಲು ಕೊಡಬೇಕಾದದ್ದು ಮೇಲಕ್ಕೆ, ತನ್ನ ಬೀದಿಯವು ಸರಿಯಾಗಿ ನಡುವಿಗೆ. ಹೀಗೆ ಮಾಡಿದರೆ ಹೊತ್ತು ನೆತ್ತಿಗೇರುವಾಗ ನಾವು ಅವಳ ಮನೆಯ ಮುಂದಿರುತ್ತಿದ್ದೆವು. ನನ್ನನ್ನು ಸ್ಟ್ಯಾಂಡ್ ಹಾಕಿ ಒಳಗೆ ಓಡುವಳು, ಗಂಡನನ್ನು ತಿರುಗಿಸಿ, ನೀರು ಕುಡಿಸಿ, ಸೆರಗಲ್ಲಿ ಕೈ ಒರೆಸಿಕೊಳ್ಳುತ್ತ ಬರುವಳು. ಸುತ್ತು ಸ್ವಲ್ಪ ಜಾಸ್ತಿ, ನಿಜ. ಪೆಟ್ರೋಲು ಅವಳದೇ. ಒಂದು ಪಾರ್ಸೆಲ್ಲೂ ತಡವಾಗುತ್ತಿರಲಿಲ್ಲ.

ಯತೀಶ ಅದೇ ಗೋದಾಮಿನವನು. ಕೆಲಸಕ್ಕೆ ಹೊಸಬನಾಗಿ ಬಂದಾಗ ಚೀಲ ತುಂಬುವುದನ್ನು ಕಲಿಸಿದ್ದೇ ವನಜಾಕ್ಷಿ. ಆ ಕಲಿಯುವ ದಿನಗಳಲ್ಲಿ ಎಷ್ಟೋ ಮಧ್ಯಾಹ್ನ ನಮ್ಮ ಜೊತೆಗೇ ಬಂದು ಅವಳ ಮನೆಯಲ್ಲಿ ಮುದ್ದೆ ಉಂಡಿದ್ದ.

"ಅಕ್ಕ, ನೀವ್ ಆ ಕಡೆ ಹಿಡ್ಕಳಿ, ಈ ಕಡೆ ನಾನ್ ಎತ್ತೀನಿ," ಎಂದು ಬೋರೇಶನ ಮಗ್ಗುಲು ತಿರುಗಿಸಲು ಕೈಕೊಟ್ಟದ್ದನ್ನು ನಾನೇ ಬಾಗಿಲಾಚೆಯಿಂದ ಕಂಡಿದ್ದೇನೆ. ಒಳ್ಳೆ ಹುಡುಗ ಎಂದು ನಾನೂ ನಂಬಿದ್ದೆ.

ಆಮೇಲೆ ಅವನ ಪಾಲಿಗೆ ಬಂದದ್ದು ಊರಾಚೆಯ ಹೊಸ ಬಡಾವಣೆಗಳು. ಮನೆಯಿಂದ ಮನೆಗೆ ಖಾಲಿ ಸೈಟುಗಳು, ನಾಯಿಗಳ ಕಾಟ, ಓಡಾಟವೇ ಜಾಸ್ತಿ. ವನಜಾಕ್ಷಿಯ ಬೀದಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿದ್ದವು. ಅವನ ಕಣ್ಣು ಅವುಗಳ ಮೇಲೆ ಬಿತ್ತು.

ಒಂದು ದಿನ ಗೋದಾಮಿನ ಮುಂದಿನ ಹೊಂಗೆ ಮರದಡಿ ನನ್ನ ಸೀಟಿನ ಮೇಲೆಯೇ ಕೂತು ಸೂಪರ್‌ವೈಸರಿಗೆ ಫೋನು ಮಾಡಿದ.

"ಸಾರ್, ನಾನ್ ಹೇಳ್ದೆ ಅನ್ಬೇಡಿ. ವನಜಾಕ್ಷಿಯವ್ರು ಬೇಕಂತ ಸುತ್ತಾಕ್ಕಂಡು ಓಯ್ತಾರೆ. ದಿನಾ ಮಧ್ಯಾಹ್ನ ಗಾಡಿ ಮನೆ ಮುಂದೆ ನಿಂತಿರ್ತದೆ. ಮ್ಯಾಪ್ ತೆಗ್ದು ನೋಡಿ. ಆ ರೂಟ್ ನಂಗೆ ಕೊಡಿ, ಫೋನ್ ಹೇಳಿದಂಗೇ ಓಡಿಸ್ತೀನಿ."

ಅವಳ ಮನೆಯ ಅನ್ನ ಉಂಡ ಬಾಯಿ ಅದು. ನನಗೆ ಮೈಯೆಲ್ಲ ಉರಿಯಿತು. ಆದರೆ ನನಗಿರುವುದು ಒಂದು ಬಡಕಲು ಹಾರನ್ನು, ಅದನ್ನೂ ಬೇರೆಯವರೇ ಒತ್ತಬೇಕು.

ಸೂಪರ್‌ವೈಸರ್ ಮ್ಯಾಪು ನೋಡಿದರು. ಸಮಯ ಉಳಿಸುವ ಹೊಸ ಯೋಜನೆಯೆಂದು ಹೇಳಿ ವನಜಾಕ್ಷಿಯನ್ನು ಹೊಸ ಬಡಾವಣೆಗಳಿಗೆ ಹಾಕಿದರು, ಅವಳ ಬೀದಿಗಳನ್ನು ಯತೀಶನಿಗೆ ಕೊಟ್ಟರು. ಅಲ್ಲಿಂದ ಮಧ್ಯಾಹ್ನ ಮನೆಗೆ ಬಂದು ಹೋಗುವ ಮಾತೇ ಇರಲಿಲ್ಲ. ಅವಳು ಚೀಲದ ಸಾಲನ್ನು ಹೇಗೆ ಹೇಗೋ ಬದಲಿಸಿ ನೋಡಿದಳು. ಯಾವ ಸಾಲಿನಲ್ಲೂ ಮನೆ ನಡುವಿಗೆ ಬರಲಿಲ್ಲ. ತಿಂಗಳು ತುಂಬುವುದರೊಳಗೆ ಬೋರೇಶನ ಬೆನ್ನಿನಲ್ಲಿ ಹುಣ್ಣು ಎದ್ದಿತು. ಅವಳು ಕೆಲಸ ಬಿಟ್ಟು ಮನೆಯಲ್ಲೇ ಸೀರೆಗೆ ಫಾಲ್ಸ್ ಹೊಲಿಯತೊಡಗಿದಳು.

ಆಮೇಲೆ ನನ್ನನ್ನು ಮಾರಿದಳು. ಯಾರಿಗೆ? ಯತೀಶನಿಗೆ. ಹ್ಯಾಂಡಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಅವನ ಕೈಗೆ ತಾನೇ ಬೀಗದ ಕೈ ಇಟ್ಟಳು.

"ದಿನಾ ಈ ಬೀದಿಲೇ ಓಗ್ತೀಯಲ್ಲ, ಚೆನ್ನಾಗಿ ನೋಡ್ಕೊ," ಎಂದಳು.

ಯತೀಶನ ಮೇಲೆ ಬಂದ ಸಿಟ್ಟಿಗಿಂತ ಅವಳ ಮೇಲೆ ಬಂದ ಸಿಟ್ಟು ದೊಡ್ಡದು. ಊರಲ್ಲಿ ಬೇರೆ ಗಿರಾಕಿಯೇ ಸಿಗಲಿಲ್ಲವೇ ಇವಳಿಗೆ? ಪಾಪ, ಅವಳಿಗೇನೂ ಗೊತ್ತಿಲ್ಲ ಎಂದು ಆಮೇಲೆ ಸಮಾಧಾನ ಮಾಡಿಕೊಂಡೆ.

ಫೋನು ಹೇಳಿದಂತೆ ಓಡಿಸುತ್ತೇನೆಂದವನು ಕೆಲವೇ ದಿನಕ್ಕೆ ಅವಳ ಸಾಲನ್ನೇ ಹಿಡಿದ. ಕ್ಯಾತಮಾರನಹಳ್ಳಿಯ ಹೋಟೆಲಿನಲ್ಲಿ ಬಿಸಿ ಊಟ ಸಿಗುತ್ತಿತ್ತು. ದಿನಾ ಮಧ್ಯಾಹ್ನ ಅವಳ ಬಾಗಿಲ ಮುಂದಿನಿಂದಲೇ ಹೋಗುತ್ತಿದ್ದೆವು. ಅವನು ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಅವಳ ಮನೆ ಬಳಿಯ ತಿರುವಿನಲ್ಲಿ ನನ್ನ ಹ್ಯಾಂಡಲ್ಲು ತಾನಾಗಿ ಎಡಕ್ಕೆ ಎಳೆಯುತ್ತಿತ್ತು. ಫೋರ್ಕು ಬಾಗಿದೆ ಎಂದು ಮೆಕ್ಯಾನಿಕ್ಕನ ಹತ್ತಿರ ಬಡಿಸಿ ನೆಟ್ಟಗೆ ಮಾಡಿಸಿದ. ಎಷ್ಟು ಬಡಿದರೂ ಒಳಗಿನ ಎಳೆತ ಹೋಗಲಿಲ್ಲ.

ನನ್ನ ಇಂಜಿನ್ನು ಕೆಮ್ಮತೊಡಗಿದಾಗ ಯತೀಶ ಕರೆಂಟಿನ ಸ್ಕೂಟರ್ ಕೊಂಡ. ನನ್ನನ್ನು ಜಬ್ಬಾರ್ ಸಾಹೇಬರ ಗುಜರಿಗೆ ತಳ್ಳಿದ. ಈಗ ನನಗೆ ಚಕ್ರವಿಲ್ಲ, ಸೀಟಿನ ಸ್ಪಂಜನ್ನು ಬೆಕ್ಕು ಕಿತ್ತಿದೆ.

ಮೊನ್ನೆ ವನಜಾಕ್ಷಿ ಹಳೆ ಪೇಪರು ಮಾರಲು ಬಂದಳು. ನನ್ನನ್ನು ಕಂಡು ನಿಂತಳು.

"ಇದು ನನ್ ಗಾಡಿ," ಎಂದಳು.

"ಯತೀಶ ತಂದು ಹಾಕಿದ್ದಮ್ಮ," ಎಂದರು ಸಾಹೇಬರು. "ಅವನಿಗೆ ಯಾಕೆ ಮಾರಿದ್ರಿ? ನಿಮ್ ಮೇಲೆ ಚಾಡಿ ಹೇಳಿದ್ದು ಅವನೇ ಅಂತ ಗೋದಾಮಿನ ಹುಡುಗರೆಲ್ಲ ಹೇಳ್ತಾರೆ."

"ನಂಗೆ ಮಾರೋಕ್ ಮುಂಚೇನೇ ಗೊತ್ತಿತ್ತು ಸಾಹೇಬ್ರೇ. ನಾನ್ ಮನೆಗೋಗದು ಅವ್ನಿಗ್ ಬಿಟ್ರೆ ಇನ್ಯಾರಿಗೂ ಗೊತ್ತಿರ್ಲಿಲ್ಲ. ಬೇಕಂತ್ಲೇ ಅವ್ನಿಗೇ ಕೊಟ್ಟೆ. ನನ್ ಗಾಡಿ ಮೇಲೆ ಕೂತು ನಮ್ ಬೀದಿಲೇ ತಿರುಗ್ಲಿ, ಒಂದಿನಾನಾದ್ರೂ ಅವನ್ ಎದೆಗೆ ಚುಚ್ಚಲಿ ಅಂತ."

ನಾನು ದಂಗಾದೆ. ಎಲ್ಲ ಗೊತ್ತಿದ್ದೂ ನನ್ನನ್ನು ಅವನ ಕೈಗೆ ಕೊಟ್ಟಿದ್ದಳು. ಅಷ್ಟು ವರ್ಷ ಅವನ ಜೊತೆ ನಾನು ಹೊತ್ತು ತಿರುಗಿದ್ದು ಪಾರ್ಸೆಲ್ ಮಾತ್ರವಲ್ಲ, ಅವಳು ಕಳಿಸಿದ ಮುಳ್ಳನ್ನೂ.

"ಚುಚ್ತಾ?" ಎಂದು ಸಾಹೇಬರು ಕೇಳಿದರು.

"ಏನೋ ಗೊತ್ತಿಲ್ಲ," ಎಂದಳು.

ನನಗೆ ಗೊತ್ತು. ಅವನಿಗೆ ಒಂದು ದಿನವೂ ಚುಚ್ಚಲಿಲ್ಲ. ಆ ತಿರುವು ಬಂದಾಗಲೆಲ್ಲ ಚುಚ್ಚಿದ್ದು ನನಗೆ. ಅದನ್ನು ಅವಳಿಗೆ ಹೇಳಬೇಕೆನ್ನಿಸಿತು, ಬೈಯಬೇಕೆನ್ನಿಸಿತು, ಇನ್ನೊಮ್ಮೆ ಅವಳನ್ನು ಕೂರಿಸಿಕೊಂಡು ಮನೆ ಮುಟ್ಟಿಸಬೇಕೆಂದೂ ಅನ್ನಿಸಿತು.

ಅವಳು ನನ್ನ ಹರಿದ ಸೀಟನ್ನು ಒಮ್ಮೆ ಸವರಿ, ತಲೆಯೆತ್ತಿ ಬಿಸಿಲು ನೋಡಿದಳು. "ಹೊತ್ತಾಯ್ತು, ಅವ್ರನ್ನ ತಿರುಗಿಸ್ಬೇಕು," ಎಂದು ಹೊರಟಳು.

ನಡೆದುಕೊಂಡೇ ಹೋದಳು.