ಎರಡೇ ಪೆಡಲಿನ ಕಾರು

"ಗೇರ್‌ಬಾಕ್ಸೇ ಹೋಗ್ಯಾದ. ಬೇಕಾದ್ರ ಬರದಿಟ್ಕೋ," ಎಂದ ರೇವಣಪ್ಪ.

ಜೇವರ್ಗಿಯ ತನ್ನ ಗ್ಯಾರೇಜಿನಲ್ಲಿ ಬಾನೆಟ್ಟಿನೊಳಗೆ ಬಗ್ಗಿದ್ದ ಅಮೋಘಸಿದ್ದ ತಲೆ ಎತ್ತಲಿಲ್ಲ. ಗೇರ್‌ಬಾಕ್ಸಿನ ಅಳತೆಕಡ್ಡಿ ಹೊರಗೆಳೆದು ಬಿಳಿ ಬಟ್ಟೆಗೆ ಒರೆಸಿದ. ಎಣ್ಣೆ ಕೆಂಪಗೆ ತಿಳಿಯಾಗಿತ್ತು. ಮೂಸಿ ನೋಡಿದ, ಸುಟ್ಟ ವಾಸನೆ ಇಲ್ಲ. ಬೆರಳಲ್ಲಿ ತಿಕ್ಕಿದ, ಲೋಹದ ಪುಡಿಯೂ ಹತ್ತಲಿಲ್ಲ.

"ಎಣ್ಣಿ ಚಲೋ ಅದ ಕಾಕಾ."

"ಚಲೋ ಇದ್ರ ಝಟಕಾ ಯಾಕ ಹೊಡೀತದ? ನಿನ್ನಿ ಮೇಡಂ ಅವರ ಹುಡುಗಿ ಹಿಂದಿನ ಸೀಟಿನಿಂದ ಮುಗ್ಗರಿಸಿ ಬಿತ್ತು. ಹಣಿ ಬಾತಾದ ಪಾಪ."

ಕಾರು ಕಾಲೇಜಿನ ಪಂಚಶೀಲಾ ಮೇಡಂ ಅವರದು, ಓಡಿಸುವವನು ರೇವಣಪ್ಪ. ಆಟೋಮ್ಯಾಟಿಕ್. ಕ್ಲಚ್ಚೇ ಇಲ್ಲ, ಕಾಲಿಗೆ ಸಿಗುವುದು ಬ್ರೇಕು, ಆಕ್ಸಿಲರೇಟರು ಎರಡೇ. ಗೇರು ತಾನಾಗಿ ಬದಲಾಗುತ್ತದೆ. ಒಂದು ತಿಂಗಳಿಂದ ಹಾಗೆ ಬದಲಾದಾಗಲೆಲ್ಲ ಹಿಂದಿನಿಂದ ಯಾರೋ ಗುದ್ದಿದಂತಾಗುತ್ತಿತ್ತು. ಕಲಬುರಗಿಯಲ್ಲಿ ಎರಡು ಕಡೆ ತೋರಿಸಿದ್ದಾಯಿತು, ಏನೂ ಸಿಗಲಿಲ್ಲ. ಮೇಡಂ ಅವರ ತಮ್ಮ ಅನೀಲಕುಮಾರ, "ಗಾಡಿಗಲ್ಲ, ಡ್ರೈವರಿಗಿ ವಯಸ್ಸಾಗ್ಯಾದ" ಅಂದದ್ದು ರೇವಣಪ್ಪನ ಕಿವಿಗೂ ಬಿದ್ದಿತ್ತು. ಇಲ್ಲಿಯೂ ಏನೂ ಸಿಗದಿದ್ದರೆ ಮುಂದೇನು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಗೇರ್‌ಬಾಕ್ಸ್ ಕೆಟ್ಟಿರಲಪ್ಪಾ ದೇವರೇ ಎಂದು ಹರಕೆ ಹೊತ್ತ ಡ್ರೈವರ್ ಈ ಸೀಮೆಯಲ್ಲಿ ಅವನೊಬ್ಬನೇ ಇದ್ದಾನು.

ಮೂವತ್ತೆಂಟು ವರ್ಷ ಜೀಪು, ಲಾರಿ, ಟೆಂಪೋ ಅಂತ ಓಡಿಸಿದವನು. ಅವನ ಊರು ಇಜೇರಿಯಲ್ಲಿ ರೇವಣಪ್ಪ ಅಂದರೆ ಯಾವ ರೇವಣಪ್ಪ ಅನ್ನುತ್ತಾರೆ. ಡ್ರೈವರ್ ರೇವಣಪ್ಪ ಅಂದರೆ ಮನೆತನಕ ಬಂದು ಬಿಟ್ಟುಹೋಗುತ್ತಾರೆ. ಅಮೋಘಸಿದ್ದನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವನೂ ಅವನೇ.

ಅಮೋಘಸಿದ್ದ ಕಾರಿನಡಿ ಮಲಗಿ ಗೇರ್‌ಬಾಕ್ಸು ಕೂತ ರಬ್ಬರುಗಳನ್ನು ಸನ್ನೆಕೋಲಿನಿಂದ ಮೀಟಿ ನೋಡಿದ. ಗಟ್ಟಿಯಾಗಿದ್ದವು. ಸ್ಕ್ಯಾನರ್ ಜೋಡಿಸಿದ, ಒಂದೂ ದೋಷ ತೋರಿಸಲಿಲ್ಲ. ಕೊನೆಗೆ ತಾನೊಬ್ಬನೇ ಕಾರು ತಗೊಂಡು ನೆಲೋಗಿ ರಸ್ತೆಯಲ್ಲಿ ಐದಾರು ಮೈಲು ಓಡಿಸಿ ಬಂದ.

"ಹೊಡೀತಿಲ್ಲೋ?" ರೇವಣಪ್ಪ ಗೇಟಿನಲ್ಲೇ ನಿಂತು ಕೇಳಿದ.

"ಇಲ್ರಿ. ಬೆಣ್ಣಿಯಂಗ ಹೋಗಾಕತ್ತದ."

"ಮೆಕ್ಯಾನಿಕ್ ಕಂಡ್ರ ನಾಟಕ ಮಾಡ್ತದ ಅದು," ಎಂದು ರೇವಣಪ್ಪ ನಕ್ಕ.

"ಈಗ ನೀವು ಓಡಸ್ರಿ, ನಾ ಬಾಜೂಕ ಕೂಡ್ತೇನಿ."

ರೇವಣಪ್ಪ ಚಪ್ಪಲಿ ಕಳಚಿ ಬಾಗಿಲ ಹೊರಗಿಟ್ಟ. ಅನ್ನ ಕೊಡುವ ಗಾಡಿಗೆ ಮೆಟ್ಟಿನ ಕಾಲು ತಾಗಿಸುವವನಲ್ಲ. ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತ. ಸ್ಕ್ಯಾನರ್ ಅಮೋಘಸಿದ್ದನ ತೊಡೆಯ ಮೇಲಿತ್ತು. ಊರು ದಾಟಿ ಹತ್ತಿ ಹೊಲಗಳು ಬರುವಷ್ಟರಲ್ಲಿ ಕಾರು ಒಂದಲ್ಲ, ಮೂರು ಸಲ ಝಟಕಾ ಹೊಡೆಯಿತು.

"ನೋಡ್ದೇನು! ನೋಡ್ದಿಲ್ಲ!" ರೇವಣಪ್ಪನ ದನಿಯಲ್ಲಿ ಹಬ್ಬವೇ ಇತ್ತು.

ಅಮೋಘಸಿದ್ದ ಸ್ಕ್ಯಾನರ್ ನೋಡುತ್ತಿದ್ದ. ವೇಗ ನಲವತ್ತಕ್ಕೆ ಏರುತ್ತಿದೆ, ಆದರೆ ಬ್ರೇಕ್ ಒತ್ತಿದಂತೆ ತೋರಿಸುತ್ತಿದೆ. ಬ್ರೇಕಿನ ಸ್ವಿಚ್ಚೇ ಕೆಟ್ಟಿರಬೇಕೆಂದು ಬಗ್ಗಿ ನೋಡಿದ. ರೇವಣಪ್ಪನ ಬಲಗಾಲು ಆಕ್ಸಿಲರೇಟರಿನ ಮೇಲಿತ್ತು. ಎಡಗಾಲು, ಕ್ಲಚ್ಚಿನ ಮೇಲೆ ಇಟ್ಟ ಹಾಗೆ, ಬ್ರೇಕಿನ ಮೇಲೆ ಆರಾಮಾಗಿ ಕೂತಿತ್ತು.

"ಕಾಕಾ, ಎಡಗಾಲ ತಗೀರಿ ಬ್ರೇಕಿನ ಮ್ಯಾಲಿಂದ."

"ಎಲ್ಲಿ ಇಟ್ಟೀನೋ? ಮೂಲ್ಯಾಗ ಅದಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅಮೋಘಸಿದ್ದನಿಗೆ ಹೆದರಿಕೆಯಾದದ್ದು ಅದಕ್ಕೇ.

"ಗಾಡಿ ಬಾಜೂಕ ಹಚ್ರಿ."

ಬೇವಿನ ಮರದಡಿ ನಿಲ್ಲಿಸಿ ರೇವಣಪ್ಪ ಬಗ್ಗಿ ತನ್ನ ಕಾಲು ನೋಡಿದ. ಬಹಳ ಹೊತ್ತು ನೋಡಿದ. ಅಮೋಘಸಿದ್ದ ಇಳಿದು ಸುತ್ತು ಬಂದು, ಬಾಗಿಲು ತೆರೆದು, ಆ ಕಾಲನ್ನು ತನ್ನ ಮೊಣಕಾಲ ಮೇಲಿಟ್ಟುಕೊಂಡ. ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದು ಒಳಗೇ ಉಳಿದಿತ್ತು. ಸುತ್ತ ಕಪ್ಪಾಗಿ ಕೀವು ತುಂಬಿತ್ತು. ನಾಲ್ಕೈದು ದಿನದ್ದಿರಬೇಕು. ಜೇಬಿನಲ್ಲಿದ್ದ ಸಣ್ಣ ಇಕ್ಕಳದಿಂದ ಹಿಡಿದು ಎಳೆದ.

ರೇವಣಪ್ಪ ರಸ್ತೆಯ ಕಡೆ ನೋಡುತ್ತಾ ಮಾತಾಡುತ್ತಲೇ ಇದ್ದ. "ಅಲ್ಲೋ, ಕಾಲ ಇಟ್ಟಷ್ಟಕ್ಕ ಅಷ್ಟ ಝಟಕಾ ಬರ್ತದೇನು? ಬಾಕ್ಸಿನ್ಯಾಗೂ ಏನರ ಇರ್ಬೇಕು ನೋಡು."

"ತಗದೆ ಕಾಕಾ."

"ಏನ್ ತಗದಿ?"

ಅಮೋಘಸಿದ್ದ ಅಂಗೈ ಚಾಚಿದ. ಅದರ ಮೇಲೆ ಅರ್ಧ ಬೆರಳುದ್ದದ ಮುಳ್ಳಿತ್ತು.

"ಸಕ್ಕರಿ ಬ್ಯಾನಿ ಎಷ್ಟ ವರ್ಷದಿಂದ ಅದ?"

"ಹತ್ತಾತು. ಗುಳಗಿ ನುಂಗ್ತೇನಿ, ಒಮ್ಮೊಮ್ಮಿ ಮರಿತೇನಿ." ರೇವಣಪ್ಪ ಅವನ ಕೈ ಹಿಡಿದುಕೊಂಡ. "ಅಮೋಘೀ, ಬಾಕ್ಸ್ ಕೆಟ್ಟದಂತ ಹೇಳು. ಎಡಗಾಲ ಸೀಟಿಗಿ ಕಟ್ಕೊಂಡು ಕೂಡ್ತೇನಿ. ನಿನ್ನ ಕಾಲ ಬೀಳ್ತೇನಿ ಬೇಕಾದ್ರ. ಗಾಡಿ ಬಿಟ್ರ ನನಗ ಏನ್ ಬರ್ತದೋ ಮಾರಾಯಾ?"

ಅಮೋಘಸಿದ್ದನಿಗೆ ಅಳು ಬಂತು. ಕಲಿಸಿದವನು ತನ್ನೆದುರು ಹೀಗೆ ಕೂತದ್ದನ್ನು ನೋಡಲಾರದೆ ಮುಖ ತಿರುಗಿಸಿದ.

"ನಾಳಿ ಬ್ರೇಕ್ ಒತ್ತಬೇಕಾದಾಗ ಒತ್ತಲಿಲ್ಲಂದ್ರ ಏನ್ ಮಾಡ್ತೀರಿ? ಹಿಂದ ಆ ಕೂಸು ಕೂಡ್ತದ ಕಾಕಾ."

ಅಷ್ಟರಲ್ಲಿ ಅಮೋಘಸಿದ್ದನ ಫೋನು ರಿಂಗಾಯಿತು. ಮೇಡಂ. ಅಮೋಘಸಿದ್ದ ಎತ್ತಲಿಲ್ಲ, ಫೋನನ್ನು ರೇವಣಪ್ಪನ ಕಡೆ ಚಾಚಿದ. ಅದು ರಿಂಗಾಗುತ್ತಲೇ ಇತ್ತು. ಇನ್ನೇನು ನಿಲ್ಲಬೇಕು ಅನ್ನುವಾಗ ರೇವಣಪ್ಪ ತಗೊಂಡ.

"ಮೇಡಂ, ನಾ ರೇವಣಪ್ಪ ಮಾತಾಡಾಕತ್ತೇನ್ರಿ. ಕಾರಣ ಸಿಕ್ತ್ರಿ… ಗಾಡಿ ಚಲೋ ಅದ್ರಿ. ಏನೂ ಆಗಿಲ್ರಿ ಅದಕ್ಕ. ನನ್ನ ಕಾಲಿಗಿ ಖಬರ ಇಲ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. "ಭಾಳ ನೋಯ್ತದೇನ್ರಿ ಕಾಕಾ?" ಎಂದು ಮೇಡಂ ಕೇಳಿದರು.

"ಇಲ್ರಿ," ಎಂದ ರೇವಣಪ್ಪ. "ಒಟ್ಟ ನೋಯಂಗಿಲ್ರಿ."

ಫೋನು ತಿರುಗಿ ಕೊಟ್ಟು ಸ್ಟೇರಿಂಗ್ ಮೇಲೆ ಒಮ್ಮೆ ಕೈಯಾಡಿಸಿದ. ಅಮೋಘಸಿದ್ದ ತನ್ನ ಕರವಸ್ತ್ರ ಹರಿದು ಹಿಮ್ಮಡಿಗೆ ಕಟ್ಟಿದ ಮೇಲೆ, ರೇವಣಪ್ಪ ಕಾರಿನ ಮೈ ಹಿಡಿದುಕೊಂಡು ಸುತ್ತು ಬಂದು ಎಡಗಡೆಯ ಬಾಗಿಲು ತೆರೆದ.

"ಸೀದಾ ದವಾಖಾನಿಗಿ ಹೋಗೂಣು. ಬೆಲ್ಟ್ ಹಾಕ್ಕೋರಿ ಕಾಕಾ," ಎಂದ ಅಮೋಘಸಿದ್ದ, ಕಾರು ಶುರು ಮಾಡುತ್ತಾ.

ರೇವಣಪ್ಪನ ಕೈ ಎಂದಿನಂತೆ ಬಲಭುಜದ ಹಿಂದೆ ಹೋಯಿತು. ಅಲ್ಲಿ ಬೆಲ್ಟಿರಲಿಲ್ಲ. ಕೈ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ತಡಕಾಡಿತು.