ಮನೆ ಹೊರಟಿತು, ರೈಫಲ್ ಹೊರಡುವಂತಿಲ್ಲ

ಮಾರ್ಚ್ ಹನ್ನೊಂದು, ಬುಧವಾರ, ಬೆಳಿಗ್ಗೆ 6 ಗಂಟೆ 40 ನಿಮಿಷಕ್ಕೆ ಒರೆಸ್ಟ್ ಬಾಬಿಯಾಕ್‌ನ ಮನೆ ನೆಲ ಬಿಟ್ಟು ಉಕ್ಕಿನ ತೊಲೆಗಳ ಮೇಲೆ ಕೂತಿತ್ತು. ತೊಲೆಗಳ ಕೆಳಗೆ ಮೂವತ್ತೆರಡು ಚಕ್ರ, ಮುಂದೆ ಒಂದು ಲಾರಿ. ಹೊರಗೆ ಮೈನಸ್ ಹದಿನೇಳು ಡಿಗ್ರಿ. ನಾನು ಏಣಿ ಹತ್ತಿ ಮಲಗುವ ಕೋಣೆಗೆ ಹೋಗಿ, ಬಾಗಿಲ ಹಿಂದಿನ ಕಬ್ಬಿಣದ ಕಪಾಟಿನಲ್ಲಿ ನಿಲ್ಲಿಸಿದ್ದ ರೈಫಲ್ಲಿನ ನಳಿಕೆಯ ತುದಿ ಕಪಾಟಿನ ಎಡಗೋಡೆಯಿಂದ ಎಷ್ಟು ದೂರವಿದೆ ಎಂದು ಅಳೆದೆ. ಮೂರು ಸಲ ಅಳೆದೆ, ಮೂರು ಸಲವೂ ಒಂದೇ ಬಂತು. 11.5 ಸೆಂಟಿಮೀಟರ್ ಎಂದು ಪುಸ್ತಕದಲ್ಲಿ ಬರೆದೆ.

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ನಮ್ಮ ಬಯಲಿನಲ್ಲಿ ಮನೆ ಸಾಗಿಸುವುದು ದೊಡ್ಡ ಸುದ್ದಿಯಲ್ಲ. ಜನ ಹೋದ ಕಡೆಗೆ ಮನೆಯೂ ಹೋಗುತ್ತದೆ. ನನ್ನ ಅಡುಗೆಮನೆಯೇ ಒಂದು ಕಾಲದಲ್ಲಿ ಬೇರೆ ಊರಿನ ಅಂಚೆ ಕಚೇರಿಯಾಗಿತ್ತು. ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿ ನಿವೃತ್ತಳಾದ ನನಗೆ ಪಕ್ಕದ ಹೊಲದವನ ಬಂದೂಕಿನ ಅಳತೆ ತೆಗೆಯುವ ಕೆಲಸ ಹೇಗೆ ಬಂತು ಎಂಬುದನ್ನಷ್ಟೇ ಹೇಳಬೇಕು.

ಒರೆಸ್ಟ್‌ನ ಹೆಂಡತಿ ಸ್ಟೆಫ್ಕಾಗೆ ಸಕ್ಕರೆ ಕಾಯಿಲೆ. ಅದು ಮೊದಲು ಕಣ್ಣು ತೆಗೆದುಕೊಂಡಿತು, ಆಮೇಲೆ ಮೂತ್ರಪಿಂಡ. ವಾರಕ್ಕೆ ಮೂರು ಸಲ ಕಲೀನಾ ಪಟ್ಟಣದಲ್ಲಿ ಡಯಾಲಿಸಿಸ್. ಹೊಲದಿಂದ ಅಲ್ಲಿಗೆ ಐವತ್ತೆಂಟು ಕಿಲೋಮೀಟರ್. ಹಿಮಗಾಳಿಗೆ ರಸ್ತೆ ಮುಚ್ಚಿದ ಜನವರಿಯಲ್ಲಿ ಎರಡು ಸರದಿ ತಪ್ಪಿ, ಮೂರನೆಯ ದಿನ ಅವಳಿಗೆ ಉಸಿರೇ ಸಿಗದ ಹಾಗಾಗಿತ್ತು. ಪಟ್ಟಣದಲ್ಲಿ ಬೇರೆ ಮನೆ ಹಿಡಿಯಬಹುದಿತ್ತು. ಆದರೆ ಕಣ್ಣಿಲ್ಲದ ಅವಳಿಗೆ ಗೊತ್ತಿರುವುದು ಈ ಒಂದೇ ಮನೆ. ಹಾಸಿಗೆಯಿಂದ ಒಲೆಗೆ ಏಳು ಹೆಜ್ಜೆ, ಒಲೆಯಿಂದ ಉಪ್ಪಿನ ಡಬ್ಬಿಗೆ ಒಂದು ಕೈಯಳತೆ. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಹೊಸ ಮನೆಯನ್ನು ಬಾಯಿಪಾಠ ಮಾಡಲಾರೆ ಎಂದಳು. ಹಾಗಾಗಿ ಆಸ್ಪತ್ರೆಯ ಹತ್ತಿರ ಅವಳ ತಂಗಿಯ ಖಾಲಿ ಜಾಗಕ್ಕೆ ಮನೆಯನ್ನೇ ಒಯ್ಯುವುದೆಂದಾಯಿತು. ಅವಸರವೂ ಇತ್ತು. ಮಾರ್ಚ್ ಹನ್ನೊಂದರ ಮಧ್ಯರಾತ್ರಿಯಿಂದ ರಸ್ತೆಗಳ ಮೇಲೆ ವಸಂತದ ಭಾರ ನಿಷೇಧ. ಹಿಮ ಕರಗಿ ರಸ್ತೆ ಮೆತ್ತಗಾಗುವುದರಿಂದ ಜೂನ್‌ವರೆಗೆ ಯಾವ ಮನೆಯೂ ಹೊರಡುವಂತಿಲ್ಲ. ಜೂನ್‌ವರೆಗೆ ಸ್ಟೆಫ್ಕಾ ಆ ರಸ್ತೆಯಲ್ಲಿ ಓಡಾಡಿಕೊಂಡು ಇರುತ್ತಾಳೆಂದು ವೈದ್ಯರು ಮಾತು ಕೊಡಲಿಲ್ಲ.

ಅಡ್ಡ ಬಂದದ್ದು ರೈಫಲ್. ಕರುಗಳ ಸುತ್ತ ಸುಳಿಯುವ ಕಯೋಟಿ ನರಿಗಳಿಗೆಂದು ಒರೆಸ್ಟ್ ಹಿಂದೆ ಯಾವಾಗಲೋ ಕೊಂಡದ್ದು. ಚೆಕ್ ದೇಶದಿಂದ ಆಮದಾದ ಮಾಲು. ಟ್ರಿಗರ್ ಎಳೆದಾಗಲೆಲ್ಲ ಒಂದು ಗುಂಡು ಹಾರಿ ಮುಂದಿನದು ತಾನೇ ಬಂದು ಕೂರುತ್ತದೆ. ಕೊಂಡಾಗ ಅದು ಸಕ್ರಮ. ಕೆಲವು ವರ್ಷದ ನಂತರ ಅದು ನಿಷಿದ್ಧ ಎಂದು ಕಾಗದ ಬಂತು. ಮರುವರ್ಷ, ನಿಷಿದ್ಧ ಅಲ್ಲ, ಕ್ಷಮಿಸಿ ಎಂದು ಇನ್ನೊಂದು ಕಾಗದ. ಅದಾಗಿ ಐದು ವರ್ಷಕ್ಕೆ ಮತ್ತೆ ನಿಷಿದ್ಧ. ಆದರೆ ಸರ್ಕಾರ ಬಂದು ತೆಗೆದುಕೊಳ್ಳುವವರೆಗೆ ಮನೆಯಲ್ಲಿ ಬೀಗ ಹಾಕಿ ಇಟ್ಟುಕೊಳ್ಳಬಹುದು, ಬಳಸುವಂತಿಲ್ಲ, ಮಾರುವಂತಿಲ್ಲ, ಸಾಗಿಸುವಂತಿಲ್ಲ. ಇಷ್ಟು ವರ್ಷದಲ್ಲಿ ರೈಫಲ್ಲಿನ ಒಂದು ತಿರುಪೂ ಬದಲಾಗಿರಲಿಲ್ಲ.

ನಮ್ಮ ಕಡೆಯವರಿಗೆ ಒಂದು ಚಟ: ಸರ್ಕಾರ ಕೇಳುವ ಮೊದಲೇ ಸರ್ಕಾರವನ್ನು ಕೇಳುವುದು. ಒರೆಸ್ಟ್ ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ಬಂದೂಕು ಕಚೇರಿಗೆ ಫೋನ್ ಮಾಡಿ, ಐವತ್ತು ನಿಮಿಷ ಕಾದು, "ಮನೆ ಹೊರಟಿದೆ, ರೈಫಲ್ ಮನೆಯೊಳಗಿದೆ, ಏನ್ಮಾಡ್ಲಿ?" ಎಂದು ಕೇಳಿದ.

"ಠಾಣೆಗೆ ಒಪ್ಪಿಸ್ಬಿಡಿ."

"ಸಂತೋಷವಾಗಿ. ಇವತ್ತೇ ಬಂದು ತಗೊಂಡು ಹೋಗ್ಲಿ."

ಒಪ್ಪಿಸಲು ಸಮಯ ಗೊತ್ತು ಮಾಡಿಕೊಳ್ಳಬೇಕಿತ್ತು. ಸಿಕ್ಕ ಮೊದಲ ದಿನಾಂಕ ಮಾರ್ಚ್ ಇಪ್ಪತ್ತಾರು.

ವಿಷಯ ಮೇಲಧಿಕಾರಿಯವರೆಗೆ ಹೋಗಿ ತೀರ್ಮಾನವಾಗಿ ಬಂತು. ಮನೆಯೊಳಗೆ ರೈಫಲ್ ಇದ್ದಲ್ಲೇ ಇದ್ದರೆ ಅದು ಸಾಗಣೆಯಲ್ಲ, ಇಟ್ಟಿರುವುದು. ಮನೆ ಎಲ್ಲಿಗೆ ಹೋಗುತ್ತದೆ ಎಂಬುದು ರಸ್ತೆ ಇಲಾಖೆಯ ವಿಚಾರ. ಇದ್ದಲ್ಲಿಂದ ಕದಲಿದರೆ ಮಾತ್ರ ಸಾಗಣೆ. ಸಾಗಣೆಯಾದರೆ ಅದಕ್ಕೆ ಬಳಸಿದ ವಾಹನದ ಜಪ್ತಿ. ಇಲ್ಲಿ ವಾಹನವೆಂದರೆ ಮನೆ. ಹಾಗಾಗಿ ಪ್ರತಿ ನಿಲುಗಡೆಯಲ್ಲೂ ಪೊಲೀಸರ ಎದುರು, ಅಳತೆ ಬಲ್ಲ ಹೊರಗಿನವರೊಬ್ಬರು ಅಳೆದು ಬರೆಯತಕ್ಕದ್ದು.

ಪೊಲೀಸರಾಗಿ ಬಂದವಳು ಕಾನ್‌ಸ್ಟೇಬಲ್ ರೆನೆ ಡೆಜಾರ್ಲೆ. ಕಲೀನಾದಲ್ಲೇ ಬೆಳೆದವಳು, ಮೂಲನಿವಾಸಿಗಳೂ ಫ್ರೆಂಚರೂ ಬೆರೆತ ಮೇತಿ ಸಮುದಾಯದ ಹುಡುಗಿ. ನಮ್ಮ ಉಕ್ರೇನಿಯನ್ ಚರ್ಚಿನ ಊಟ ಉಂಡೇ ದೊಡ್ಡವಳಾದ್ದರಿಂದ ನಮ್ಮ ಮುದುಕರನ್ನು ನಮ್ಮ ಹಾಗೇ ವುಯ್ಕೊ, ಅಂದರೆ ಮಾವ, ಎನ್ನುತ್ತಾಳೆ, ಅವರ ಹೆಂಡಿರನ್ನು ವುಯ್ನಾ ಎನ್ನುತ್ತಾಳೆ.

"ವುಯ್ಕೊ, ನೀವ್ಯಾಕೆ ಫೋನ್ ಮಾಡೋಕೆ ಹೋದ್ರಿ?" ಎಂದಳು ಆ ಬೆಳಿಗ್ಗೆ, ಕೈಗವಸು ಉಜ್ಜಿಕೊಳ್ಳುತ್ತ.

"ಕೇಳೋದ್ರಲ್ಲಿ ಏನಮ್ಮ ತಪ್ಪು?"

"ಕೇಳೋದ್ರಲ್ಲಿ ತಪ್ಪಿಲ್ಲ. ಅವರು ಉತ್ತರ ಕೊಡ್ತಾರಲ್ಲ, ಅದೇ ತೊಂದರೆ."

ಮನೆ ಸಾಗಿಸುವ ಅಬ್ರಾಮ್ ಥೀಸೆನ್‌ಗೆ ಇದೆಲ್ಲ ಅವಮಾನವೆನಿಸಿತ್ತು. ಅವನು ಎಲ್ಲ ಮನೆಗಳಲ್ಲೂ ಅಡುಗೆಮನೆಯ ಮೇಜಿನ ಮೇಲೆ ಒಂದು ಗ್ಲಾಸ್ ತುಂಬ ನೀರಿಟ್ಟು ಹೊರಡುವವನು. ತಲುಪಿದ ಮೇಲೆ ಆ ನೀರನ್ನು ಮನೆಯೊಡೆಯನ ಮುಂದೆ ಕುಡಿದು, ಆಮೇಲೆಯೇ ಕಾಗದಕ್ಕೆ ಸಹಿ ಹಾಕಿಸುವುದು ಅವನ ಪದ್ಧತಿ.

"ಮೂವತ್ತು ವರ್ಷದಲ್ಲಿ ಒಂದು ತೊಟ್ಟು ಚೆಲ್ಲಿಲ್ಲ. ನನ್ನ ಗ್ಲಾಸ್ ನೋಡಿದ್ರೆ ಸಾಲ್ದಾ? ಟೇಪ್ ಬೇರೆ ಬೇಕಾ?" ಎಂದ.

"ಗ್ಲಾಸ್ ಮೇಲೆ ನಿಷೇಧ ಇಲ್ಲ ಅಬ್ರಾಮ್, ಇನ್ನೂ," ಎಂದಳು ರೆನೆ.

ಹೊರಟೆವು. ಮುಂದೆ ಹಳದಿ ದೀಪದ ಕಾರು, ಹಿಂದೆ ಮನೆ, ಅದರ ಹಿಂದೆ ಪೊಲೀಸ್ ಜೀಪು, ಕೊನೆಯಲ್ಲಿ ನನ್ನ ಕಾರು. ನನ್ನ ಪಕ್ಕ ಸ್ಟೆಫ್ಕಾ, ಹಿಂದಿನ ಸೀಟಿನಲ್ಲಿ ಒರೆಸ್ಟ್. ಗಂಟೆಗೆ ಹದಿನೈದು ಕಿಲೋಮೀಟರ್ ವೇಗದಲ್ಲಿ ಅವರ ಮನೆ ನಮ್ಮ ಮುಂದೆ ನಡೆಯುತ್ತಿತ್ತು. ಕಿಟಕಿಯ ಪರದೆ ಕೂಡ ಕಟ್ಟಿದಂತೆಯೇ ಇತ್ತು.

"ಏನು ಕಾಣಿಸ್ತಿದೆ ಹೇಳೇ," ಎಂದಳು ಸ್ಟೆಫ್ಕಾ.

"ನಿನ್ನ ಮನೆಯ ಹಿತ್ತಲ ಬಾಗಿಲು."

"ಒರೆಸ್ಟ್‌ಗೆ ಹೇಳು, ನಲವತ್ತಾರು ವರ್ಷದಲ್ಲಿ ಮೊದಲನೇ ಸಲ ನನ್ನನ್ನ ಎಲ್ಲಿಗೋ ಕರ್ಕೊಂಡು ಹೋಗ್ತಿದ್ದಾನೆ. ಅದೂ ಮನೆ ಬಿಟ್ಟಿರೋಕೆ ಆಗದೆ, ಮನೆ ಸಮೇತ."

"ನಾನಿಲ್ಲೇ ಇದೀನಿ, ನಂಗೇ ಹೇಳು," ಎಂದ ಒರೆಸ್ಟ್.

"ನಿನ್ನ ಹತ್ರ ಮಾತಾಡಲ್ಲ. ನೀನು ಫೋನ್ ಮಾಡಿಬಿಡ್ತೀಯ."

ಮೊದಲ ಎರಡು ನಿಲುಗಡೆಯಲ್ಲೂ 11.5 ಬಂತು. ಆಮೇಲೆ ರೈಲು ಹಳಿ ದಾಟಬೇಕಿತ್ತು. ಮನೆಯ ಮುಂದಿನ ಚಕ್ರಗಳು ಹಳಿ ಏರಿ ಇಳಿಯುವಾಗ ಛಾವಣಿಯಿಂದ ಒಂದಿಷ್ಟು ಹಿಮ ಜಾರಿ ಬಿತ್ತು. ಥೀಸೆನ್ ಲಾರಿಯ ಕಿಟಕಿಯಿಂದ ಕೈ ತೋರಿಸಿದ, ಏನೂ ಆಗಿಲ್ಲ ಎಂಬಂತೆ. ಮೂವತ್ತೊಂದನೆಯ ಕಿಲೋಮೀಟರಿನಲ್ಲಿ, ಹೆದ್ದಾರಿಯ ಮೇಲೆ, ವಿದ್ಯುತ್ ತಂತಿಗಳನ್ನು ಎತ್ತುವವರಿಗಾಗಿ ಮನೆ ನಿಂತಿತು. ಆಗ 11 ಗಂಟೆ 52 ನಿಮಿಷ.

ನಾನೂ ರೆನೆಯೂ ಏಣಿ ಹತ್ತಿದೆವು. ಅಡುಗೆಮನೆಯ ಮೇಜಿನ ಮೇಲೆ, ಗ್ಲಾಸಿನ ಸುತ್ತ, ಒಂದು ಚಮಚದಷ್ಟು ನೀರು ಚೆಲ್ಲಿ ಆಗಲೇ ಹೆಪ್ಪುಗಟ್ಟುತ್ತಿತ್ತು. ಮಲಗುವ ಕೋಣೆಗೆ ಹೋದೆವು. ಕಪಾಟು ತೆಗೆದು ಟೇಪ್ ಹಿಡಿದೆ.

11.2.

"ಎಷ್ಟು?" ಎಂದಳು ರೆನೆ ಹಿಂದಿನಿಂದ, ಟಾರ್ಚ್ ಹಿಡಿದು.

"ಇನ್ನೊಂದು ಸಲ ಅಳೀತೀನಿ."

ಯಾವ ವಸ್ತುವೂ ಪೂರ್ತಿ ನಿಶ್ಚಲವಾಗಿರುವುದಿಲ್ಲ. ಚಳಿಗೆ ಉಕ್ಕು ಕುಗ್ಗುತ್ತದೆ, ಮರ ಬೇರೆಯೇ ಪ್ರಮಾಣದಲ್ಲಿ ಕುಗ್ಗುತ್ತದೆ. ಶೂನ್ಯ ಎಂಬ ಅಳತೆ ಪುಸ್ತಕದಲ್ಲಿ ಸಿಗುತ್ತದೆಯೇ ಹೊರತು ಕಪಾಟಿನಲ್ಲಿ ಸಿಗುವುದಿಲ್ಲ. ಆದರೆ ಮೂರು ಮಿಲಿಮೀಟರ್ ಚಳಿಯ ಕೆಲಸವಲ್ಲ. ರೈಫಲ್ ಜಾರಿತ್ತು. ಎರಡನೆಯ ಸಲವೂ 11.2. 11.5 ಎಂದು ಬಾಯಲ್ಲಿ ಹೇಳುವುದು ಎಷ್ಟು ಸುಲಭ ಎಂದು ಯೋಚಿಸಿದೆ. ಇಪ್ಪತ್ತೊಂಬತ್ತು ವರ್ಷ ಜನರ ಹೊಲದ ಮಣ್ಣಿನ ಬಗ್ಗೆ ಕೆಟ್ಟ ಸುದ್ದಿಯನ್ನು ಇದ್ದ ಹಾಗೆಯೇ ಬರೆದವಳು ನಾನು. ಆದರೆ ಕೆಳಗೆ ಕಾರಿನಲ್ಲಿ ಕೂತವಳಿಗೆ ಮರುದಿನವೇ ಡಯಾಲಿಸಿಸ್ ಇತ್ತು. ಮೂರನೆಯ ಸಲ ಆದಷ್ಟು ನಿಧಾನವಾಗಿ ಅಳೆದೆ. 11.2. "12:00" ಎಂದು ಬರೆದು, ಪಕ್ಕದಲ್ಲಿ ಆ ಅಂಕಿಯನ್ನೂ ಬರೆದೆ. ಹೇಳಲು ಬಾಯಿ ತೆರೆದಾಗ ರೆನೆಯ ಫೋನ್ ಮೊಳಗಿತು.

ಅವಳು ಹೂಂ, ಹೂಂ ಎನ್ನುತ್ತ ಕೇಳಿಸಿಕೊಂಡಳು. ಆಮೇಲೆ ಹಾಸಿಗೆಯ ಅಂಚಿನಲ್ಲಿ ಕೂತಳು.

"ಹೊಸ ಆದೇಶ ಬಂದಿದೆಯಂತೆ. ಇವತ್ತು ಹನ್ನೆರಡು ಗಂಟೆಗೆ ಜಾರಿ. ಹಳೇದು ರದ್ದು. ಈ ಥರ ರೈಫಲ್ ಇರೋರೆಲ್ಲ, ಆದೇಶ ಜಾರಿಯಾದ ಕ್ಷಣದಲ್ಲಿ ಅದು ಯಾವ ಜಾಗದಲ್ಲಿತ್ತೋ ಅದೇ ಜಾಗದಲ್ಲಿ ಇಟ್ಟಿರಬೇಕು."

ನಾನು ಕಿಟಕಿಯ ಪರದೆ ಸರಿಸಿದೆ. ಹೊರಗೆ ಹೆದ್ದಾರಿಯ ನಡುವಿನ ಹಳದಿ ಗೆರೆ ಕಾಣುತ್ತಿತ್ತು.

ಕೆಳಗಿಳಿದು ಹೇಳಿದಾಗ ಥೀಸೆನ್ ಟೊಪ್ಪಿ ತೆಗೆದು ಲಾರಿಗೆ ಬಡಿದ. "ಅಂದ್ರೆ ರೈಫಲ್ ಇಲ್ಲೇ ಇರ್ಬೇಕಾ? ರಸ್ತೆ ಮಧ್ಯ? ನಾಲ್ಕು ಗಂಟೆಗೆ ನನ್ನ ರಸ್ತೆ ಪರವಾನಗಿ ಮುಗಿಯುತ್ತೆ. ಆಮೇಲೆ ಮನೆ ಇಲ್ಲಿ ನಿಂತ್ರೆ ಅದು ಅಪರಾಧ!"

"ಮನೆ ಹೋದ್ರೆ ಇದು ಅಪರಾಧ," ಎಂದಳು ರೆನೆ.

"ಕಪಾಟು ಬಿಚ್ಚಿ ಇಲ್ಲೇ ಇಳಿಸಿ. ನಾನು ಕುರ್ಚಿ ಹಾಕ್ಕೊಂಡು ಇದರ ಪಕ್ಕ ಕೂತಿರ್ತೀನಿ," ಎಂದ ಒರೆಸ್ಟ್.

"ಇಪ್ಪತ್ತಾರರವರೆಗಾ?"

"ಕಂಬಳಿ ಕೊಡಿ."

"ವುಯ್ಕೊ, ಮನೆ ಹೊರಗೆ ಇಟ್ರೆ ಅದು ಬೇರೆ ಅಪರಾಧ."

ತಂತಿ ಎತ್ತುವವರು ಉದ್ದನೆಯ ಕೋಲು ಹಿಡಿದು ಕಾಯುತ್ತಿದ್ದರು. ಹಿಂದೆ ಮೂರು ಧಾನ್ಯದ ಲಾರಿಗಳು ನಿಂತಿದ್ದವು. ಸ್ಟೆಫ್ಕಾ ಕಾರಿನ ಗಾಜು ಇಳಿಸಿದಳು.

"ಝೋನ್ಯಾ, ನಿನ್ನ ಪುಸ್ತಕ ಎಲ್ಲಿ?"

"ಕೈಲೇ ಇದೆ."

"ಹನ್ನೆರಡು ಗಂಟೆಗೆ ಅದು ಎಲ್ಲಿತ್ತು ಅಂತ ಬರ್ದಿದೀಯಾ? ಓದು. ಜೋರಾಗಿ ಓದು, ನನಗೆ ಕಣ್ಣು ಕಾಣಲ್ಲ, ಇವರಿಗೆ ಕಿವಿ ಕೇಳಲ್ಲ."

ಓದಿದೆ. "ಹನ್ನೆರಡು ಗಂಟೆ. ಮಲಗುವ ಕೋಣೆ, ಬಾಗಿಲ ಹಿಂದಿನ ಕಪಾಟು, ಎಡಗೋಡೆಯಿಂದ 11.2 ಸೆಂಟಿಮೀಟರ್."

"ರಸ್ತೆ ಅಂತ ಇದೆಯಾ ಅದ್ರಲ್ಲಿ?"

"ಇಲ್ಲ."

"ಹಂಗಾದ್ರೆ ಆ ಜಾಗದಲ್ಲೇ ಇಡಿ, ನನ್ನ ಮಲಗೋ ಕೋಣೇಲಿ. ನನಗೆ ಗೊತ್ತಿರೋ ಜಾಗ ಅದೊಂದೇ. ನಾನು ದಿನಾ ಹಿಡ್ಕೊಂಡು ಓಡಾಡೋದು ಆ ಕಪಾಟನ್ನೇ."

ರೆನೆ ಕಚೇರಿಗೆ ಫೋನ್ ಮಾಡಿ ಎಲ್ಲರಿಗೂ ಕೇಳುವಂತೆ ಇಟ್ಟಳು. ಆ ಕಡೆಯ ಅಧಿಕಾರಿ ಊಟದ ಹೊತ್ತಿನ ದನಿಯಲ್ಲಿದ್ದ.

"ಜಾಗದ ದಾಖಲೆ ಇದೆಯಾ?"

"ಇದೆ ಸರ್. ಮಿಲಿಮೀಟರ್ ಮಟ್ಟದಲ್ಲಿ."

"ಯಾವ ಜಾಗ?"

"ಮಲಗುವ ಕೋಣೆ."

"ಮತ್ತೇನು ತೊಂದರೆ? ಅಲ್ಲೇ ಇರ್ಲಿ."

ಅಷ್ಟಕ್ಕೇ ಬಿಡಬಹುದಿತ್ತು. ಒರೆಸ್ಟ್ ನನ್ನ ಮುಖ ನೋಡಿ ಏನೋ ಇದೆಯೆಂದು ಊಹಿಸಿದ. ಬೇಡ ಎಂಬಂತೆ ತಲೆಯಾಡಿಸಿದ, ಜೀವನದಲ್ಲಿ ಮೊದಲನೆಯ ಸಲ. ಆದರೆ ನಾನು ಫೋನಿನ ಹತ್ತಿರ ಬಗ್ಗಿ ಹೇಳಿಯೇಬಿಟ್ಟೆ. "ಸರ್, ಅಳತೆ ತೆಗೆದವಳು ನಾನು. ಬೆಳಿಗ್ಗೆ 11.5 ಇತ್ತು. ಮೂರು ಮಿಲಿಮೀಟರ್ ಕದಲಿದೆ."

ಎಲ್ಲರೂ ನನ್ನನ್ನು ನೋಡಿದರು. ಥೀಸೆನ್ ಮಾತ್ರ ನೆಲ ನೋಡಿದ.

ಆ ಕಡೆ ಕಾಗದ ಮಗುಚುವ ಸದ್ದಾಯಿತು. "ಯಾವಾಗ ಕದಲಿದ್ದು?"

"ಹನ್ನೆರಡಕ್ಕೆ ಮೊದಲು."

"ಮೊದಲಾ? ಅದು ಹಳೇ ತೀರ್ಮಾನದ ಲೆಕ್ಕ ಅಮ್ಮ. ಅದು ಹನ್ನೆರಡಕ್ಕೆ ಸತ್ತುಹೋಯ್ತು. ಸತ್ತಿರೋದಕ್ಕೆ ನಾನು ಯಾವ ಕಡತದಲ್ಲಿ ಜಪ್ತಿ ಮಾಡ್ಲಿ? 11.2 ಅಂದ್ರಲ್ಲ, ಇನ್ಮೇಲೆ ಅದೇ ಕಾನೂನು. ಅದನ್ನ ಕಾಪಾಡ್ಕೊಳ್ಳಿ."

ಥೀಸೆನ್ ಏಣಿ ಹತ್ತಿದ, ಹಿಂದೆ ನಾನೂ. ಹಾಸಿಗೆಯ ಮೇಲಿನ ಎರಡು ದಿಂಬುಗಳನ್ನು ರೈಫಲ್ಲಿನ ಎರಡೂ ಕಡೆ, ಅದಕ್ಕೆ ತಾಗದಂತೆ, ಕಪಾಟಿನೊಳಗೆ ತುರುಕಿದ. ಆಮೇಲೆ ಅಡುಗೆಮನೆಗೆ ಹೋಗಿ ಹೆಪ್ಪುಗಟ್ಟಿದ ನೀರನ್ನು ತೋಳಿನಿಂದ ಕೆರೆದು ತೆಗೆದದ್ದನ್ನು ನಾನು ನೋಡಿದೆ. ಅದನ್ನು ಬರೆದುಕೊಳ್ಳಲಿಲ್ಲ; ಅದು ನನ್ನ ಕೆಲಸವಾಗಿರಲಿಲ್ಲ.

ಮಧ್ಯಾಹ್ನ 3 ಗಂಟೆ 35 ನಿಮಿಷಕ್ಕೆ ಮನೆ ಕಲೀನಾ ತಲುಪಿತು. ಅಳತೆ 11.2. ಸಂಜೆ ಹೊಸ ಅಡಿಪಾಯದ ಮೇಲೆ ಇಳಿಸಿದ ಮೇಲೂ 11.2. ಥೀಸೆನ್ ಗ್ಲಾಸಿನ ಮೇಲೆ ಕಟ್ಟಿದ್ದ ತೆಳು ಮಂಜುಗಡ್ಡೆ ಒಡೆದು ನೀರು ಕುಡಿದು ಸಹಿ ಹಾಕಿಸಿಕೊಂಡ. ಸ್ಟೆಫ್ಕಾ ಹೊಸ್ತಿಲು ದಾಟಿದವಳೇ, ಯಾರ ಕೈಯನ್ನೂ ಹಿಡಿಯದೆ, ಕೋಣೆಗೆ ಹೋಗಿ ಕಪಾಟು ಮುಟ್ಟಿ, ಹಾಸಿಗೆ ಮುಟ್ಟಿ, ಏಳು ಹೆಜ್ಜೆ ನಡೆದು ಒಲೆಯ ಮುಂದೆ ನಿಂತಳು.

"ನನ್ನ ದಿಂಬು ಎಲ್ರೋ?" ಎಂದಳು.

"ಇಪ್ಪತ್ತಾರರವರೆಗೆ ಮುಟ್ಟೋ ಹಾಗಿಲ್ಲ," ಎಂದ ಒರೆಸ್ಟ್.

ಇಪ್ಪತ್ತನೆಯ ತಾರೀಖು ಕಾಗದ ಬಂತು. ಹೊಸ ಆದೇಶದ ಪ್ರಕಾರ ರೈಫಲ್ ಇದ್ದ ಜಾಗದಲ್ಲೇ ಇರಬೇಕಾದ್ದರಿಂದ, ಅದನ್ನು ಠಾಣೆಗೆ ಒಪ್ಪಿಸುವ ಇಪ್ಪತ್ತಾರರ ಸಮಯವನ್ನು ರದ್ದು ಮಾಡಲಾಗಿದೆ. ಒರೆಸ್ಟ್ ಫೋನಿನ ಕಡೆ ನೋಡಿದ. ಸ್ಟೆಫ್ಕಾಗೆ ಕಣ್ಣು ಕಾಣದಿದ್ದರೂ ಅದು ಗೊತ್ತಾಯಿತು. "ಮುಟ್ಟಿದ್ರೆ ನೋಡು!" ಎಂದಳು. ಅವರಿಗೆ ನಾನು ಎರಡು ಹೊಸ ದಿಂಬು ಕೊಂಡು ಕೊಟ್ಟೆ.

ಈಗ ಮಂಗಳವಾರ, ಗುರುವಾರ, ಶನಿವಾರ ಅವಳು ಒರೆಸ್ಟ್‌ನ ತೋಳು ಹಿಡಿದು ನಡೆದೇ ಡಯಾಲಿಸಿಸ್‌ಗೆ ಹೋಗುತ್ತಾಳೆ. ಎಷ್ಟು ದೂರ ಎಂದು ಕೇಳಿದಳು. ನಾನು ಹೊಲ ಅಳೆಯುವ ಚಕ್ರ ತಂದು ಎರಡು ಸಲ ಉರುಳಿಸಿ ನೋಡಿದೆ. ಅವಳ ಅಡುಗೆಮನೆಯ ಬಾಗಿಲಿನಿಂದ ಆಸ್ಪತ್ರೆಯ ಬಾಗಿಲಿಗೆ 212 ಮೀಟರ್.